ಗಿಡ್ಡ ಗಿಟಾರಿನ ಝರ್ ಸದ್ದು

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ‘ಝರ್’ ಎಂಬ ಒಂದು ಸಣ್ಣ ಸದ್ದು. ಬೆಂಕಿಪೊಟ್ಟಣದೊಳಗೆ ಸಿಕ್ಕಿಬಿದ್ದ ನೊಣ ಒಮ್ಮೆ ರೆಕ್ಕೆ ಬಡಿದು ಸುಮ್ಮನಾದರೆ ಎಷ್ಟು ಸದ್ದಾದೀತೋ ಅಷ್ಟೇ.

ಬೆಳಿಗ್ಗೆ ಕಿವಿಯಣ್ಣನವರ ನಡುಮನೆಯಲ್ಲಿ ಅವರ ಹೆಂಡತಿಯ ತಂಗಿ ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಶ್ರುತಿ ಕೂಡಿಸುತ್ತಿದ್ದಳು. ಎದುರಿಗೆ ಕಿವಿಯಣ್ಣ ಕನ್ನಡಕ ಹಾಕಿಕೊಂಡು ಪೇಪರು ಹಿಡಿದು ಕೂತಿದ್ದರು. ಅವಳು ದಪ್ಪ ತಂತಿಯನ್ನು ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳಲ್ಲಿ ಮೂರನೆಯದಕ್ಕೆ ಒತ್ತಿ ಮೀಟಿದ್ದೇ ತಡ, ಕಿವಿಯಣ್ಣ ಪೇಪರು ಕೆಳಗಿಟ್ಟರು.

“ಕೇಳಿಸ್ತಾ?”

“ಏನು ಭಾವ?”

“ಝರ್ ಅಂತು.”

ಅವಳು ಇನ್ನೊಮ್ಮೆ ಮೀಟಿ, ತಲೆ ಬಗ್ಗಿಸಿ ಆಲಿಸಿದಳು. ತನಗೇನೂ ಕೇಳಿಸಲಿಲ್ಲ ಎಂದಳು. ನಿಮ್ಮಕ್ಕನೂ ಹೀಗೇ ಹೇಳುತ್ತಿದ್ದಳು ಎಂದು ಕಿವಿಯಣ್ಣ ನಿಟ್ಟುಸಿರುಬಿಟ್ಟರು.

ಅಕ್ಕ ತೀರಿಕೊಂಡು ಅಂದಿಗೆ ಒಂದು ವರ್ಷ. ಸಂಜೆ ಪ್ರಾರ್ಥನಾ ಮಂದಿರದಲ್ಲಿ ಅವಳ ನೆನಪಿಗೆಂದು ಹಾಡುವವರಿದ್ದರು. ಬದುಕಿದ್ದಷ್ಟು ದಿನ ಆ ಹಾಡಿನ ಗುಂಪಿಗೆ ಬೇಸ್ ನುಡಿಸಿದವಳು ಅವಳೇ. ಅವಳ ವಾದ್ಯವನ್ನೇ ಹಿಡಿದು, ಅವಳ ಜಾಗದಲ್ಲೇ ಕೂತು ತಂಗಿ ನುಡಿಸುವುದೆಂದು ತೀರ್ಮಾನವಾಗಿತ್ತು. ಅಂದು ಹಾಡಲಿದ್ದದ್ದು ಅಕ್ಕನಿಗೆ ಪ್ರಿಯವಾಗಿದ್ದ ಹಾಡು. ಅದು ಕೊನೆಗೆ ಬಂದು ನಿಲ್ಲುವುದು ಸರಿಯಾಗಿ ಆ ಮೂರನೆಯ ಮೆಟ್ಟಿಲಿನ ಮೇಲೆಯೇ.

“ಅದನ್ನ ಮುಟ್ಟೋಕೆ ಹೋಗಬೇಡಿ ಭಾವ. ಚೆನ್ನಾಗೇ ಇದೆ. ಸಂಜೆ ಬಂದು ತಗೊಂಡು ಹೋಗ್ತೀನಿ” ಎಂದು ಹೇಳಿ ತಂಗಿ ತನ್ನ ಶಾಲೆಗೆ ಪಾಠ ಮಾಡಲು ಹೊರಟುಹೋದಳು.

ಮುಟ್ಟಬೇಡಿ ಎಂದರೂ ಸುಮ್ಮನಿರದಿರಲು ಕಿವಿಯಣ್ಣನವರಿಗೆ ಎರಡು ಕಾರಣಗಳಿದ್ದವು. ಮೊದಲನೆಯದು ಅವರ ಕಿವಿ. ನೀರು ಸರಬರಾಜು ಇಲಾಖೆಯಲ್ಲಿ ಅವರದು ಸೋರಿಕೆ ಹುಡುಕುವ ಕೆಲಸವಾಗಿತ್ತು. ಕಬ್ಬಿಣದ ಕೋಲಿನ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿಯಾನಿಸಿ, ನೆಲದೊಳಗೆ ಎಲ್ಲಿ ಕೊಳವೆ ಒಡೆದಿದೆಯೆಂದು ಹೇಳಬೇಕಿತ್ತು. ಹೇಳಿದ ಕಡೆ ಅಗೆದರೆ ನೀರು ಇದ್ದೇ ಇರುತ್ತಿತ್ತು. ಅದು ದೇವರು ಕೊಟ್ಟ ಕಿವಿ ಎಂದು ಮೇಲಧಿಕಾರಿಗಳೇ ಅನ್ನುತ್ತಿದ್ದರು. ಬೀದಿಯ ಜನ ಅವರ ನಿಜವಾದ ಹೆಸರನ್ನು ಎಂದೋ ಮರೆತು ಕಿವಿಯಣ್ಣ ಎಂದು ಕರೆಯತೊಡಗಿದ್ದರು. ಅಂಥ ಕಿವಿಗೆ ಕೇಳಿಸಿದ ಮೇಲೆ ಇಲ್ಲವೆನ್ನುವುದು ಹೇಗೆ?

ಎರಡನೆಯ ಕಾರಣವನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರು ನಿವೃತ್ತಿಯಾದ ವರ್ಷ ಹೆಂಡತಿ ಬಾಯಿಬಿಟ್ಟು ಕೇಳಿದ್ದು ಒಂದು ಬೇಸ್ ಗಿಟಾರನ್ನು ಮಾತ್ರ. ಅಂಗಡಿಯಲ್ಲಿ ಒಳ್ಳೆಯ ವಾದ್ಯಗಳು ಸಾಲಾಗಿ ತೂಗುಹಾಕಿದ್ದವು. ಇವರು ಮೂಲೆಯಲ್ಲಿ ಒರಗಿಸಿಟ್ಟಿದ್ದ ಎಲ್ಲಕ್ಕಿಂತ ಅಗ್ಗದ, ಗಿಡ್ಡ ಕತ್ತಿನ ವಾದ್ಯವನ್ನು ತಂದರು. ಮಕ್ಕಳು ಕಲಿಯುವುದಕ್ಕೆಂದು ಮಾಡಿದ್ದು ಅದು. “ನನ್ನ ಕೈಯೂ ಗಿಡ್ಡ, ಅಳತೆ ಕೊಟ್ಟು ಮಾಡಿಸಿದ ಹಾಗಿದೆ ರೀ” ಎಂದು ಅವಳು ಖುಷಿಪಟ್ಟಳು. ಖುಷಿಪಟ್ಟಳೋ, ಖುಷಿಪಟ್ಟ ಹಾಗೆ ತೋರಿಸಿದಳೋ, ಕಿವಿಯಣ್ಣ ಕೇಳಲಿಲ್ಲ. ಅಂದಿನಿಂದ ಆ ಝರ್ ಸದ್ದು ಬಂದಾಗಲೆಲ್ಲ ಅವರ ಜಿಪುಣತನವನ್ನೇ ಯಾರೋ ಎತ್ತಿ ಆಡಿದಂತಾಗುತ್ತಿತ್ತು. ಹಾಗಾದಾಗೆಲ್ಲ ಅವರು ರೇಗುತ್ತಿದ್ದುದು ಮಾತ್ರ ಅವಳ ಮೇಲೆ. ಇವತ್ತೊಂದು ದಿನವಾದರೂ ಎಲ್ಲರೆದುರಿಗೆ ಅವಳ ವಾದ್ಯ ತಪ್ಪಿಲ್ಲದೆ ನುಡಿಯಲಿ ಎಂದು ಅವರ ಆಸೆ.

ವಾದ್ಯವನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು, ಅವರು ಬೀದಿಯ ಕೊನೆಯಲ್ಲಿದ್ದ ರೇಡಿಯೋ ಮೆಕ್ಯಾನಿಕ್‌ನ ಅಂಗಡಿಗೆ ಹೋದರು.

ಈ ಮೆಕ್ಯಾನಿಕ್ ಉಪಕಾರಿ. ಫ್ಯಾನು ಕೆಟ್ಟಿದೆಯೆಂದು ತಂದರೆ ಫ್ಯಾನಿನ ಜೊತೆಗೆ, ತಂದವರ ಕೈಗಡಿಯಾರವನ್ನೂ ಬಿಚ್ಚಿ ನೋಡುವಷ್ಟು ಉಪಕಾರಿ. ಗಿಟಾರಿಗೆ ವಯರು ಸಿಕ್ಕಿಸಿ, ಒಂದು ಸ್ಪೀಕರಿಗೆ ಜೋಡಿಸಿ, ಮೂರನೆಯ ಮೆಟ್ಟಿಲನ್ನು ಒತ್ತಿ ಮೀಟಿದ. ಕಿವಿಯಣ್ಣ ಬೆರಳೆತ್ತಿದರು. ಮೆಕ್ಯಾನಿಕ್‌ಗೆ ಏನೂ ಕೇಳಿಸಲಿಲ್ಲ. ಆದರೆ ಅವನ ಅಂಗಡಿಯ ನೆಲದಡಿಯ ಸೋರಿಕೆಯನ್ನು ಹಿಂದೊಮ್ಮೆ ಇದೇ ಕಿವಿ ಕಂಡುಹಿಡಿದಿತ್ತು. ಆಗ “ಇಲ್ಲಿ ನೀರೆಲ್ಲಿಂದ ಬರಬೇಕು” ಎಂದು ನಕ್ಕಿದ್ದ ಅವನು ಮಾರನೆಯ ವಾರ ಮೊಣಕಾಲುದ್ದ ನೀರಿನಲ್ಲಿ ರೇಡಿಯೋಗಳನ್ನು ತಲೆಯ ಮೇಲೆ ಹೊತ್ತು ನಿಂತಿದ್ದ.

“ಬಂತು, ಬಂತು. ಚೆನ್ನಾಗೇ ಕೇಳಿಸ್ತು” ಎಂದ. “ಇದು ಪಿಕಪ್ಪಿನ ದೋಷ ಕಿವಿಯಣ್ಣ. ಅಗ್ಗದ ಮಾಲಲ್ಲಿ ಇದೇ ಗೋಳು.”

ತಂತಿಯ ಅಲುಗಾಟವನ್ನು ಹಿಡಿಯುವ ಆಯಸ್ಕಾಂತವೇ ಪಿಕಪ್ಪು. ಇದರ ಆಯಸ್ಕಾಂತ ಸೊರಗಿದೆ, ಒಳಗಿನ ವಯರುಗಳು ಕೂದಲಿನ ಹಾಗಿವೆ, ಸದ್ದು ಹೆಚ್ಚುಕಡಿಮೆ ಮಾಡುವ ಗುಂಡಿಗಳು ಸವೆದಿವೆ, ಎಲ್ಲವನ್ನೂ ಬದಲಾಯಿಸಬೇಕು ಎಂದು ಅವನು ಹೇಳಿ ಮುಗಿಸುವಷ್ಟರಲ್ಲಿ ಎಲ್ಲವೂ ಮೇಜಿನ ಮೇಲೆ ಬಿದ್ದಿದ್ದವು. ಗುಂಡಿಯೊಂದು ಸಡಿಲವಾಗಿತ್ತೆಂದು ಹೆಂಡತಿ ಅದಕ್ಕೆ ಕೆಂಪು ದಾರ ಸುತ್ತಿದ್ದಳು. ಅದೂ ಆ ರಾಶಿಯಲ್ಲಿ ಸೇರಿಹೋಯಿತು.

ಅವನಲ್ಲಿದ್ದ ಒಳ್ಳೆಯ ಪಿಕಪ್ಪು ಗಾತ್ರದಲ್ಲಿ ದೊಡ್ಡದು. ಹಳೆಯ ಗುಳಿಯೊಳಗೆ ಕೂರಲೊಲ್ಲದು. ಗುಳಿ ಅಗಲಿಸಲು ಎದುರು ಸಾಲಿನ ಬಡಗಿಯನ್ನು ಕೂಗಿದರು. ಬಡಗಿ ಉಳಿ ಹಿಡಿದೇ ಬಂದ. ಗುಳಿ ಕೊರೆದು, ಹೊಸ ಪಿಕಪ್ಪು ಕೂರಿಸಿ, ಮತ್ತೆ ಮೀಟಿದರು.

“ಹೋಯ್ತಲ್ಲ?” ಎಂದ ಮೆಕ್ಯಾನಿಕ್.

“ಇದೆ” ಎಂದರು ಕಿವಿಯಣ್ಣ.

ಬಡಗಿ ತನಗೂ ಕೇಳಿಸಿತು ಎಂದು ಗಂಭೀರವಾಗಿ ತಲೆಯಾಡಿಸಿದ. ದೋಷ ವಯರಿನದಲ್ಲ, ಮರದ್ದು ಎಂದು ತೀರ್ಪು ಕೊಟ್ಟ. ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತನ್ನು ಉದ್ದಕ್ಕೂ ನೋಡಿ, ಇದೇನಣ್ಣ, ಕತ್ತೋ ಬಾಳೆಕಾಯೋ ಎಂದು ಕೇಳಿದ. ಕತ್ತಿನೊಳಗಿದ್ದ ಕಬ್ಬಿಣದ ಸರಳನ್ನು ತಿರುಪಿ ನೆಟ್ಟಗೆ ಮಾಡಿದ. ನೆಟ್ಟಗಾದ ಕೂಡಲೇ ಕೆಲವು ಮೆಟ್ಟಿಲುಗಳು ಎದ್ದುಕೂತವು. ಅವನ್ನು ಅರದಿಂದ ಉಜ್ಜಿದ. ಉಜ್ಜಿದ ಮೇಲೆ ತಂತಿಗಳು ಕತ್ತಿನ ಮರಕ್ಕೆ ತಾಗುವಂತಾದವು. ತುದಿಯಲ್ಲಿ ತಂತಿಗಳನ್ನು ಹೊರುವ ಪ್ಲಾಸ್ಟಿಕ್ ಪಟ್ಟಿಯನ್ನು ಕಿತ್ತೆಸೆದು, ಎತ್ತರದ ಹಿತ್ತಾಳೆಯ ಪಟ್ಟಿ ಕೂರಿಸಿದ. ಮೀಟಿದರು.

“ಇದೆ” ಎಂದರು ಕಿವಿಯಣ್ಣ, ತಪ್ಪು ಮಾಡಿದವರ ದನಿಯಲ್ಲಿ.

ಅಷ್ಟು ಹೊತ್ತಿಗೆ, ಎಲ್ಲಿ ಇಬ್ಬರು ಸೇರಿದರೂ ಮೂರನೆಯವರಾಗಿ ಸೇರುವ ಬ್ಯಾಂಡ್ ಮಾಸ್ತರರು ಬಂದರು. ಮೆರವಣಿಗೆಗಳಲ್ಲಿ ತುತ್ತೂರಿ ಊದಿ ಊದಿ ಅವರ ಕೆನ್ನೆಗಳು ಈಗಲೂ ಊದಿಯೇ ಇದ್ದವು. ತಂತಿವಾದ್ಯವನ್ನು ಅವರು ಜೀವಮಾನದಲ್ಲಿ ನುಡಿಸಿರಲಿಲ್ಲ. ಆದರೆ ಸಂಗೀತದ ವಿಷಯಕ್ಕೆ ತಾವಿರುವಾಗ ರೇಡಿಯೋದವನೂ ಬಡಗಿಯೂ ಮಾತಾಡುವುದನ್ನು ಅವರು ಸಹಿಸುವವರಲ್ಲ.

“ತಂತಿ ನೋಡಿದ್ರೇನಪ್ಪಾ? ತಂತಿ?” ಎಂದರು.

ಇಬ್ಬರೂ ಮುಖ ಮುಖ ನೋಡಿಕೊಂಡರು. ತಂತಿಯನ್ನು ಯಾರೂ ನೋಡಿರಲಿಲ್ಲ.

ಮಾಸ್ತರರು ತಮ್ಮ ಬ್ಯಾಂಡಿನವರ ಗಿಟಾರಿಗೆಂದು ಮನೆಯಲ್ಲಿ ತೆಗೆದಿಟ್ಟಿದ್ದ ಹೊಸ ದಪ್ಪ ತಂತಿಗಳನ್ನೂ, ಅವುಗಳ ಬಿಗಿಗೆ ಹಳೆಯ ಬಿರಡೆಗಳು ತಡೆಯಲಾರವೆಂದು ದೊಡ್ಡ ಹಿತ್ತಾಳೆಯ ಬಿರಡೆಗಳನ್ನೂ ತಂದರು. ಬಡಗಿ ತೂತುಗಳನ್ನು ದೊಡ್ಡದು ಮಾಡಿದ. ಬಿರಡೆಗಳು ಕೂತವು. ಕೂತ ಮೇಲೆ ತಿಳಿಯಿತು, ತಲೆಯ ಭಾರಕ್ಕೆ ವಾದ್ಯ ತೊಡೆಯ ಮೇಲೆ ನಿಲ್ಲುವುದಿಲ್ಲ. ಕೈಬಿಟ್ಟರೆ ಸಾಕು, ಮೇಯಲು ಹೊರಟ ಎಮ್ಮೆಯ ಹಾಗೆ ಮೂತಿ ನೆಲಕ್ಕೆ ಹಾಕುತ್ತಿತ್ತು. ಇದನ್ನು ಸರಿದೂಗಿಸಲು ಹಿಂಬದಿಗೆ ಭಾರದ ಕುದುರೆ ಬೇಕಾಯಿತು. ತಂತಿಗಳ ಇನ್ನೊಂದು ತುದಿಯನ್ನು ಹಿಡಿಯುವ ಹಳೆಯ ತಗಡಿನ ಕುದುರೆಯನ್ನು ತೆಗೆದು ಉಕ್ಕಿನದನ್ನು ಕೂರಿಸಿದರು. ಅದೂ ಸಾಲದೆ, ಮೆಕ್ಯಾನಿಕ್ ವಯರು ತುಂಬಿದ ಗುಳಿಯೊಳಗೆ ಸೀಸದ ತುಂಡುಗಳನ್ನು ಅಂಟಿಸಿದ.

ಪ್ರತಿ ಸಲವೂ ಮೀಟುವುದು, ಮೂವರೂ ಕಿವಿಯಣ್ಣನವರ ಮುಖ ನೋಡುವುದು, ಅವರು ಹುಳಿ ಕಚ್ಚಿದವರಂತೆ ಮುಖ ಮಾಡುವುದು, ಮೂವರೂ “ಹೌದು ಹೌದು, ಇದೆ” ಎನ್ನುವುದು. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವಳೊಬ್ಬಳು ನಿಂತು ಕೇಳಿ, ಏನು ಇದೆ ಎಂದು ವಿಚಾರಿಸಿದಳು. ಝರ್ ಸದ್ದು ಎಂದರು. ಇಲ್ಲವಲ್ಲ ಎಂದಳು. ನಿನಗೇನಮ್ಮಾ ಗೊತ್ತು ಸಂಗೀತ ಎಂದು ಮಾಸ್ತರರು ಅವಳನ್ನು ಸಾಗಹಾಕಿದರು.

ಮಧ್ಯಾಹ್ನ ಕಿವಿಯಣ್ಣ ಮೂವರಿಗೂ ಕಾಫಿ ಮಾಡಿ ತರಲು ಮನೆಗೆ ಹೋದರು. ಹಾಲು ಕಾಯಲು ತಡವಾಯಿತು. ಚೊಂಬು ಹಿಡಿದು ಮರಳಿ ಬಂದಾಗ ವಾದ್ಯ ಹೊಸ ಮದುಮಗಳಂತೆ ಮಿರಮಿರ ಮಿಂಚುತ್ತಿತ್ತು.

“ಮೈಯೆಲ್ಲ ಸವೆದು ಬಣ್ಣ ಹೋಗಿತ್ತಣ್ಣ” ಎಂದ ಬಡಗಿ, ಕೈಯೊರೆಸಿಕೊಳ್ಳುತ್ತ. “ಉಜ್ಜಿ ಪಾಲಿಶ್ ಹಾಕಿಬಿಟ್ಟೆ. ಸ್ಪಿರಿಟ್ ಪಾಲಿಶು, ಗಾಳಿ ತಾಗಿದ್ರೆ ಒಣಗುತ್ತೆ. ನಿಮ್ಮ ಹತ್ರ ಏನೂ ತಗೊಳಲ್ಲ. ಅತ್ತಿಗೆಯ ಕೆಲಸ.”

ಬಣ್ಣ ಹೋಗಿದ್ದ ಜಾಗ ಕಿವಿಯಣ್ಣನವರಿಗೆ ಗೊತ್ತಿತ್ತು. ನುಡಿಸುವಾಗ ಅವಳ ಮುಂಗೈ ಒರಗುತ್ತಿದ್ದ ಜಾಗ ಅದು. ವರ್ಷಗಟ್ಟಲೆ ಒರಗಿ ಒರಗಿ ಅಲ್ಲಿ ಬಿಳಿಯ ಮರ ಕಾಣುತ್ತಿತ್ತು. ಅವಳು ಹೋದ ಮೇಲೆ ಕೆಲವು ದಿನ ಸಂಜೆ ಅವರು ದೀಪ ಹಚ್ಚಿ, ಪ್ರಾರ್ಥನೆ ಮುಗಿಸಿ, ಅಲ್ಲಿ ಒಮ್ಮೆ ಅಂಗೈಯಿಟ್ಟು ಎದ್ದುಹೋಗುತ್ತಿದ್ದರು. ಈಗ ಅಲ್ಲಿ ಅವರ ಮುಖವೇ ಕಾಣುತ್ತಿತ್ತು.

“ಚೆನ್ನಾಗಿದೆ” ಎಂದು ಹೇಳಿ ಅವರು ಕಾಫಿ ಬಗ್ಗಿಸಿದರು. ಸ್ವಲ್ಪ ಹೊತ್ತಿನ ಮೇಲೆ, ದಾರ ಸುತ್ತಿದ ಆ ಗುಂಡಿಯನ್ನಾದರೂ ಕೊಡಪ್ಪ ಎಂದು ಮೆಕ್ಯಾನಿಕ್‌ನನ್ನು ಕೇಳಿದರು. ಮೆಕ್ಯಾನಿಕ್ ತಲೆ ಕೆರೆದುಕೊಂಡ. ಹಳೆಯ ಸಾಮಾನನ್ನೆಲ್ಲ ಗುಡಿಸಿ, ಈಗಷ್ಟೇ ಬಂದ ಗುಜರಿಯವನ ಚೀಲಕ್ಕೆ ಸುರಿದಿದ್ದ.

ಕಿವಿಯಣ್ಣ ಕಾಫಿಯ ಚೊಂಬನ್ನು ಹಿಡಿದುಕೊಂಡೇ ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಕಂಡು, ಎಲ್ಲೋ ದೊಡ್ಡ ಕೊಳವೆಯೇ ಒಡೆದಿರಬೇಕೆಂದು ಎರಡು ಮನೆಯವರು ಕೊಡ ಹಿಡಿದು ಹೊರಗೆ ಬಂದರು. ಗುಜರಿಯವನ ತಳ್ಳುಗಾಡಿ ನಾಲ್ಕು ರಸ್ತೆ ಕೂಡುವಲ್ಲಿ ಸಿಕ್ಕಿತು. ಚೀಲ ಬರಿದಾಗಿತ್ತು. ಅದರಲ್ಲಿದ್ದದ್ದು ಲಾರಿಗೆ ಬಿದ್ದು, ಲಾರಿ ಹೊರಟುಹೋಗಿತ್ತು. ಬಂಗಾರ ಏನಾದರೂ ಇತ್ತೇ ಎಂದು ಗುಜರಿಯವನು ಗಾಬರಿಯಿಂದ ಕೇಳಿದ. ಇಲ್ಲಪ್ಪ, ದಾರ ಇತ್ತು ಎಂದರು ಕಿವಿಯಣ್ಣ. ಅವನು ಅವರ ಕೈಯಲ್ಲಿದ್ದ ಚೊಂಬನ್ನೂ ಅವರ ಮುಖವನ್ನೂ ನೋಡಿ, ಅವರನ್ನು ನೆರಳಿನಲ್ಲಿ ಕೂರಿಸಿ ನೀರು ಕೊಟ್ಟ.

ಸಂಜೆ ತಂಗಿ ಬಂದು ವಾದ್ಯವನ್ನು ಎತ್ತಿಕೊಳ್ಳಲು ಹೋದಳು. ಕೈ ಜಗ್ಗಿತು.

“ಇದೇನು ಭಾವ, ಇದರೊಳಗೆ ಕಲ್ಲು ತುಂಬಿಸಿದ್ದೀರಾ?”

ಕಿವಿಯಣ್ಣ ನಡೆದದ್ದನ್ನು ಹೇಳಿದರು. ಅವಳು ಬಯ್ಯುತ್ತಾಳೆಂದು ಕಾದರು. ಅವಳು ಬಯ್ಯಲಿಲ್ಲ. ಹೊಳೆಯುವ ಮೈಯ ಮೇಲೆ ಬೆರಳಾಡಿಸಿ ಏನನ್ನೋ ಹುಡುಕಿ, ಸಿಗದೆ, ಹೊತ್ತಾಯಿತು ಹೊರಡೋಣ ಎಂದಳು.

ಮಂದಿರ ತುಂಬಿತ್ತು. ಮೆಕ್ಯಾನಿಕ್, ಬಡಗಿ, ಮಾಸ್ತರರು ಮೂವರೂ ತೊಳೆದ ಬಟ್ಟೆ ಹಾಕಿಕೊಂಡು, ಮಗಳ ಮೊದಲ ಕಚೇರಿಗೆ ಬಂದ ತಂದೆಯರಂತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಕಿವಿಯಣ್ಣ ಅವರ ಪಕ್ಕದಲ್ಲಿ ಕೂತು ಕೈಮುಗಿದರು. ದೇವರೇ, ನಾನು ತಂದದ್ದು ಅಗ್ಗದ್ದೇ ಇರಬಹುದು. ಇವತ್ತೊಂದು ದಿನ ಅದು ನನ್ನ ಮಾನ ತೆಗೆಯದಿರಲಿ ಎಂದು ಬೇಡಿದರು. ಬೇಡಿದ ಮೇಲೆ, ತಾನು ಬೇಡಿದ್ದು ತನ್ನ ಮಾನವನ್ನೇ ಹೊರತು ಅವಳಿಗಾಗಿ ಏನನ್ನೂ ಅಲ್ಲವೆಂದು ಹೊಳೆದು ನಾಚಿಕೆಯಾಯಿತು.

ಹಾಡು ಶುರುವಾಯಿತು. ಹೊಸ ಪಿಕಪ್ಪು, ಹೊಸ ತಂತಿ. ವಾದ್ಯ ಗುಂಡಗೆ, ತುಂಬಿ ನುಡಿಯಿತು. ಜನ ತಲೆದೂಗಿದರು. ಹಾಡು ಇಳಿಯುತ್ತ ಇಳಿಯುತ್ತ ಕೊನೆಯ ಸಾಲಿಗೆ ಬಂತು. ತಂಗಿಯ ಬೆರಳು ದಪ್ಪ ತಂತಿಯ ಮೂರನೆಯ ಮೆಟ್ಟಿಲಿಗೆ ಸರಿಯಿತು.

ಝರ್.

ಕಿವಿಯಣ್ಣನವರ ಕಣ್ಣು ತುಂಬಿ ಬಂತು. ಅವಳ ದಾರ ಹೋಯಿತು, ಅವಳ ಕೈಯ ಗುರುತು ಹೋಯಿತು, ಈ ದರಿದ್ರ ಸದ್ದೊಂದು ಉಳಿಯಿತು. ಅವರು ಕಣ್ಣೊರೆಸಿಕೊಳ್ಳಲು ಕನ್ನಡಕವನ್ನು ತೆಗೆದರು.

ಹಾಡಿನ ಕೊನೆಯ ಸಾಲನ್ನು ಗುಂಪು ಎರಡನೆಯ ಸಲ ಹಾಡಿತು. ಮೂರನೆಯ ಮೆಟ್ಟಿಲು ಮತ್ತೆ ನುಡಿಯಿತು. ಸದ್ದಿಲ್ಲ. ಆಳದ ಬಾವಿಯ ನೀರಿನಂತೆ ಸ್ವರ ತಿಳಿಯಾಗಿ ನಿಂತಿತ್ತು. ಕಿವಿಯಣ್ಣ ಬೆಚ್ಚಿ ಕನ್ನಡಕ ಹಾಕಿಕೊಂಡರು. ಮೂರನೆಯ ಸಲ: ಝರ್. ತೆಗೆದರು. ಇಲ್ಲ. ಹಾಕಿದರು. ಝರ್. ಅಣ್ಣನಿಗೆ ದುಃಖ ತಡೆಯಲಾಗುತ್ತಿಲ್ಲವೆಂದು ಬಡಗಿ ಅವರ ಬೆನ್ನು ಸವರಿದ.

ಕಿವಿಯಣ್ಣ ಕನ್ನಡಕವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎಡಗಡೆಯ ಗಾಜು ಚೌಕಟ್ಟಿನಲ್ಲಿ ಕೂದಲೆಳೆಯಷ್ಟು ಸಡಿಲವಾಗಿತ್ತು. ನಿವೃತ್ತಿಯ ವರ್ಷ, ಅಗ್ಗಕ್ಕೆ ಸಿಕ್ಕಿತೆಂದು, ಗಿಟಾರು ತಂದ ವಾರವೇ ಮಾಡಿಸಿದ ಕನ್ನಡಕ. ಅವಳು ಬೆಳಿಗ್ಗೆ ಅಭ್ಯಾಸಕ್ಕೆ ಕೂರುತ್ತಿದ್ದಾಗ ಅವರು ಎದುರಿಗೆ ಪೇಪರು ಓದುತ್ತ ಕೂರುತ್ತಿದ್ದರು. ಮಂದ್ರದ ಆ ಒಂದು ಸ್ವರಕ್ಕೆ ಗಾಜು ನಡುಗಿ, ಆ ನಡುಕ ಕಡ್ಡಿಯ ಗುಂಟ ಬಂದು, ನೇರ ಅವರ ಕಿವಿಯೊಳಗೆ ಝರ್ ಎನ್ನುತ್ತಿತ್ತು. ಊರಿನ ಕೊಳವೆಗಳ ಒಡಕನ್ನೆಲ್ಲ ಹುಡುಕಿದ ಕಿವಿ, ತನ್ನ ಮೇಲೇ ಕೂತದ್ದನ್ನು ಹುಡುಕಿರಲಿಲ್ಲ.

ಪ್ರಾರ್ಥನೆ ಮುಗಿಯಿತು. ಮೂವರೂ ಅವರನ್ನು ಸುತ್ತುವರಿದು, ಸದ್ದು ಹೋಯಿತೇ ಎಂದು ಒಟ್ಟಿಗೆ ಕೇಳಿದರು.

“ಹೋಯ್ತು” ಎಂದರು ಕಿವಿಯಣ್ಣ.

ಹೋದದ್ದು ಪಿಕಪ್ಪಿನಿಂದ ಎಂದು ಮೆಕ್ಯಾನಿಕ್, ಕತ್ತು ನೆಟ್ಟಗಾದದ್ದರಿಂದ ಎಂದು ಬಡಗಿ, ಎಲ್ಲಕ್ಕೂ ಮೂಲ ತಂತಿ ಎಂದು ಮಾಸ್ತರರು. ಅವರು ವಾದಕ್ಕಿಳಿದಿದ್ದಾಗ ತಂಗಿ ಹತ್ತಿರ ಬಂದಳು. ಭಾರ ಹೊತ್ತ ಭುಜವನ್ನು ಒತ್ತಿಕೊಳ್ಳುತ್ತಿದ್ದಳು.

“ನನ್ನಿಂದ ತಪ್ಪಾಯ್ತು ಭಾವ” ಎಂದಳು ಮೆಲ್ಲಗೆ. “ನೀವು ಮಂದಿರಕ್ಕೆ ಬಂದು ಕೂತ ದಿನ ಆ ಸ್ವರ ಬಿಟ್ಟು ನುಡಿಸಬೇಕು ಅಂತ ಅಕ್ಕ ನನಗೂ ಹೇಳಿಕೊಟ್ಟಿದ್ದಳು. ಇವತ್ತು ಹಾಡಿನ ಭರದಲ್ಲಿ ಮರೆತೇಬಿಟ್ಟೆ.”

“ಬಿಟ್ಟು ನುಡಿಸ್ತಿದ್ದಳಾ?”

“ನೀವಿದ್ದಾಗ ಮಾತ್ರ. ನಿಮಗೆ ಹಿಂಸೆ ಆಗುತ್ತೆ ಅಂತ. ನೀವು ಬರದ ದಿನ ಅದನ್ನ ಎಷ್ಟು ಹೊತ್ತು ಹಿಡಿದು ನಿಲ್ಲಿಸ್ತಿದ್ದಳು ಗೊತ್ತಾ? ಹಾಡೋರಿಗೆಲ್ಲ ಉಸಿರು ಕಟ್ಟಿಹೋಗ್ತಿತ್ತು.”

ಕಿವಿಯಣ್ಣ ಹೆಂಡತಿಯ ನೂರು ಹಾಡು ಕೇಳಿದ್ದರು. ಅವುಗಳಲ್ಲಿ ಒಂದೂ ಪೂರ್ತಿಯಾಗಿ ಮುಗಿದಿರಲಿಲ್ಲ.

ಜನ ಚದುರಿದ ಮೇಲೆ, ಆ ಒಂದು ಸ್ವರವನ್ನು ಇನ್ನೊಮ್ಮೆ ನುಡಿಸಮ್ಮ ಎಂದು ಅವರು ತಂಗಿಯನ್ನು ಕೇಳಿದರು. ಅವಳು ಅಕ್ಕನ ಜಾಗದಲ್ಲಿ ಹೋಗಿ ಕೂತಳು. ಕಿವಿಯಣ್ಣ ಮೊದಲು ಕನ್ನಡಕ ತೆಗೆದು ಕೇಳಿದರು. ಸ್ವರ ಶುದ್ಧವಾಗಿತ್ತು, ಆದರೆ ಅದು ಮೆಕ್ಯಾನಿಕ್‌ನ ಪಿಕಪ್ಪಿನದು, ಮಾಸ್ತರರ ತಂತಿಯದು. ಅವಳದಲ್ಲ. ಕನ್ನಡಕ ಹಾಕಿಕೊಂಡು ಕೇಳಿದರು. ಝರ್ ಎಂದಿತು. ನಡುಮನೆ, ಬೆಳಗಿನ ಬಿಸಿಲು, ಪೇಪರು, ಎದುರಿಗೆ ತಲೆಬಗ್ಗಿಸಿ ಕೂತ ಗಿಡ್ಡ ಆಕಾರ, ಎಲ್ಲವೂ ಆ ಸದ್ದಿನೊಳಗೆ ಇದ್ದವು. ಅವಳ ಕಾಲದಿಂದ ಕೆಡದೆ ಉಳಿದದ್ದು ಅದೊಂದೇ. ಅಷ್ಟು ವರ್ಷ ಅವರು ಬಯ್ದ ಸದ್ದನ್ನು ಅಂದು ಮೊದಲ ಸಲ ಅವರು ಕಣ್ಣುಮುಚ್ಚಿ, ಕೈಮುಗಿದು ಕೇಳಿದರು.

“ಇನ್ನೊಂದು ಸಲ ನುಡಿಸಮ್ಮ” ಎಂದರು.

ತಂಗಿ ಬೆರಳೂರುವಷ್ಟರಲ್ಲಿ ಅವರ ಮುಖದ ಮೇಲಿನಿಂದ ಕನ್ನಡಕ ಹಾರಿತು.

“ಏನು ಕಿವಿಯಣ್ಣ, ಗಾಜು ಇಷ್ಟು ಸಡಿಲ ಆಗಿದೆ, ನೋಡ್ಕೊಂಡೇ ಇಲ್ವಲ್ಲ” ಎಂದ, ವಾದ ಬಿಟ್ಟು ಹತ್ತಿರ ಬಂದಿದ್ದ ಮೆಕ್ಯಾನಿಕ್, ಅದನ್ನು ಕೈಯಲ್ಲಿ ಹಿಡಿದು. ಬೇಡಪ್ಪ ಎನ್ನಲು ಕಿವಿಯಣ್ಣ ಬಾಯಿ ತೆರೆದರು. ಅಷ್ಟರಲ್ಲಿ ಉಪಕಾರಿಯ ಉಗುರು ಚೌಕಟ್ಟಿನ ತಿರುಪುಮೊಳೆಯನ್ನು ಹುಡುಕಿ ಗಟ್ಟಿಯಾಗಿ ಬಿಗಿದುಬಿಟ್ಟಿತ್ತು. ಅವನು ಗಾಜನ್ನು ಅಂಗಿಯ ತುದಿಯಿಂದ ಒರೆಸಿ, ಕನ್ನಡಕವನ್ನು ಅವರ ಕಿವಿಗಳ ಮೇಲೆ ತಾನೇ ಕೂರಿಸಿದ. “ಈಗ ನೋಡಿ. ಇನ್ನು ನಿಮ್ಮ ಜೀವಮಾನದಲ್ಲಿ ಅಲ್ಲಾಡಲ್ಲ.”

ತಂಗಿ ಮೂರನೆಯ ಮೆಟ್ಟಿಲನ್ನು ಒತ್ತಿ ಮೀಟಿದಳು. ಸ್ವರ ತಿಳಿಯಾಗಿ ಮಂದಿರವನ್ನೆಲ್ಲ ತುಂಬಿ, ನಿಧಾನವಾಗಿ ಆರಿತು. ಕಿವಿಯಣ್ಣ ಆರುವವರೆಗೂ ಕೇಳಿದರು, ಆರಿದ ಮೇಲೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಿದ್ದರು.

“ಉಪಕಾರವಾಯ್ತಪ್ಪ” ಎಂದು ಕೊನೆಗೆ ಮೆಕ್ಯಾನಿಕ್‌ಗೆ ಹೇಳಿದರು.